ಆಂಡ್ರೂ ‘ಬನ್ನಿ’ (bunnie) ಹುವಾಂಗ್ ಬಗ್ಗೆ, ಭಾನುವಾರಕ್ಕೆ ಮುಂಚೆ ಓದ್ಕೊಳ್ಳಿ

ಎಲ್ರಿಗೂ ನಮಸ್ಕಾರ, ಹಾರ್ಡ್‌ವೇರ್ ಹ್ಯಾಕಿಂಗ್ ಎಲ್ಲಿಂದ ಶುರು ಮಾಡೋದು ಅಂತ ಕೇಳ್ತಿದ್ರಲ್ಲ, ಆಂಡ್ರೂ ಹುವಾಂಗ್ ದಾರಿ ನೋಡಿ, ಎಲ್ರೂ ಅವ್ರನ್ನ ‘ಬನ್ನಿ’ ಅನ್ನೋ ಅಡ್ಡಹೆಸರಲ್ಲೇ ಕರೀತಾರೆ. 2002ರಲ್ಲಿ ಎಂಐಟೀಲಿ ಪಿಎಚ್‌ಡಿ ಮಾಡ್ತಾ ಇದ್ದಾಗ್ಲೇ ಮೈಕ್ರೋಸಾಫ್ಟ್‌ನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ ಬಿಚ್ಚಿ, ಮದರ್‌ಬೋರ್ಡ್‌ನಲ್ಲಿ ಎರಡು ಚಿಪ್ ಮಧ್ಯ ಓಡೋ ತಂತಿಗೆ ತಾವೇ ಮಾಡಿದ ಪುಟ್ಟ ಬೋರ್ಡ್ ಬೆಸುಗೆ ಹಾಕಿ, ಹಾದುಹೋಗೋ ಡೇಟಾ ಹಿಡಿದು ಒಳಗಿದ್ದ, ಗೂಢಲಿಪಿ ಬಿಚ್ಚೋ ರಹಸ್ಯ ಕೀ ತೆಗೆದ್ರು. ಕೀ ಇದ್ದಿದ್ದು ಬರೀ 512 ಬೈಟ್ ಕೋಡಲ್ಲಿ!

ಆಮೇಲೆ ಚಂಬಿ ಅನ್ನೋ ಪುಟ್ಟ ಇಂಟರ್ನೆಟ್ ಸಾಧನ ಮಾಡಿದ್ರು, 2014ರಲ್ಲಿ ನೊವೆನಾ ಲ್ಯಾಪ್‌ಟಾಪ್, ಅದರ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಪೂರ್ತಿ ಓಪನ್. ನಂಗೆ ಕೀ ತೆಗೆದಿದ್ದಕ್ಕಿಂತ ಇದೇ ದೊಡ್ಡದು, ಯಾರು ಬೇಕಾದ್ರೂ ತೆಗೆದು ಓದ್ಬಹುದು.

ಭಾನುವಾರ ಸಂಜೆ ನೊವೆನಾ ಸ್ಕೀಮ್ಯಾಟಿಕ್‌ನ ಪವರ್ ಭಾಗ ಓದೋಣ, ಬರೋರು ಇಲ್ಲೇ ಹೇಳಿ, ಮಲ್ಟಿಮೀಟರ್ ಇದ್ರೆ ತನ್ನಿ.