ಕೆಲಸ ಕೊಟ್ಟ ಮೇಲಿನ ಕೆಲಸ

ಶಿರಸಿ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕುಮಟಾದ ನಿನ್ನ ಗೇರುಬೀಜದ ಕಾರ್ಖಾನೆಗೆ ಇಬ್ಬರು ಹುಡುಗರನ್ನು ಸೇರಿಸಿಕೊಂಡೆಯಂತೆ. ಒಬ್ಬನಿಗೆ ಕಿವಿ ಕೇಳಿಸುವುದಿಲ್ಲ, ಇನ್ನೊಬ್ಬನಿಗೆ ಕಲಿಯುವುದು ನಿಧಾನ ಅಂತ ನಿನ್ನ ಅಮ್ಮ ಹೇಳಿದಳು. ಬಹಳ ಖುಷಿಯಾಯಿತು ಮಾಣಿ. ಇಂಥ ಮಕ್ಕಳಿಗೇ ಪಾಠ ಹೇಳಿ ನಿವೃತ್ತಳಾದವಳು ನಾನು. ಅದಕ್ಕೇ ಈ ಕಾಗದ. ಕೆಲಸ ಕೊಡುವವರು ಈಗ ಸಿಗುತ್ತಾರೆ. ಎರಡು ವರ್ಷ ಕಳೆದ ಮೇಲೂ ಹುಡುಗ ಅಲ್ಲೇ ಇದ್ದಾನಾ ಅಂತ ನೋಡುವವರು ಕಡಿಮೆ.

ನನ್ನ ಶಿಷ್ಯನೊಬ್ಬ ಇಲ್ಲಿ ಅಡಿಕೆ ಆರಿಸುವ ಕೆಲಸದಲ್ಲಿದ್ದ. ಓದಲು ಬಾರದು, ಆದರೆ ಒಳ್ಳೆಯ ಚಾಲಿ ಅಡಿಕೆಯಿಂದ ಕಡಿಮೆ ದರ್ಜೆಯ ಬಿಳೇಗೋಟು, ಕೋಕಾ ಬೇರೆ ಮಾಡುವುದರಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ. ಆಮೇಲೆ ಬೆಳಗಿನ ಬಸ್ಸಿನ ಟೈಮು ಬದಲಾಯಿತು. ಅದೇ ಹೊತ್ತಿಗೆ ಮೇಸ್ತ್ರಿಯೂ ಬದಲಾದ. ಹೊಸಬನಿಗೆ ಇವನ ವಿಷಯ ಯಾರೂ ಹೇಳಿರಲಿಲ್ಲ. ತಡವಾಗಿ ಬಂದದ್ದಕ್ಕೆ ಎಲ್ಲರೆದುರು ಬೈದ. ಹುಡುಗ ಮರುದಿನದಿಂದ ಬರಲಿಲ್ಲ. 'ಅವನಿಗೆ ಆಗಲಿಲ್ಲ' ಅಂದರು ಎಲ್ಲರೂ. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ಅವರ ಮೇಜಿನಲ್ಲೇ ಕೂರುವ ಹಳಬರೊಬ್ಬರಿಗೆ ಇವರನ್ನು ನೋಡಿಕೊಳ್ಳುವ ಜವಾಬ್ದಾರಿ ಕೊಡು. ಸುಮ್ನೆ ಹೇರಬೇಡ, ಅದಕ್ಕಾಗಿ ಕೂಲಿಯಲ್ಲಿ ಸ್ವಲ್ಪ ಜಾಸ್ತಿ ಸೇರಿಸು. ಮೊದಲು ದಿನವೂ ವಿಚಾರಿಸಲಿ, ಆಮೇಲೆ ವಾರಕ್ಕೊಮ್ಮೆ. ಪೂರ್ತಿ ನಿಲ್ಲಿಸುವುದು ಮಾತ್ರ ಬೇಡ. ಮಾರ್ಚ್‌ನಲ್ಲಿ ಹೊಸ ಬೀಜ ಬಂದು ಗಡಿಬಿಡಿ ಶುರುವಾದಾಗ, ಮಳೆಗಾಲದಲ್ಲಿ ಬಸ್ಸು ತಪ್ಪಿದಾಗ, ಸೂಪರ್‌ವೈಸರ್ ಬದಲಾದಾಗ ಮತ್ತೆ ಪಕ್ಕದಲ್ಲಿ ನಿಲ್ಲಬೇಕು.

ಗ್ರೇಡಿಂಗ್ ಕಲಿಸುವಾಗ 240, 320 ಅಂತ ಬಾಯಲ್ಲಿ ಹೇಳಿದರೆ ಸಾಲದು. ಒಂದು ಪೌಂಡಿಗೆ ಎಷ್ಟು ಗೋಡಂಬಿ ಅನ್ನುವ ಲೆಕ್ಕ ಅದು. ಅಂಕಿ ದೊಡ್ಡದಾದಷ್ಟು ಗೋಡಂಬಿ ಸಣ್ಣದು. ಯಾರಿಗಾದರೂ ಗೊಂದಲವೇ, ಅಲ್ವಾ? ಪ್ರತಿ ತಟ್ಟೆಯ ಅಂಚಿಗೂ ಆ ಗ್ರೇಡಿನ ಗೋಡಂಬಿಯನ್ನೇ ಅಂಟಿಸಿಡು. ಕಿವಿ ಕೇಳದವನ ಕಣ್ಣಿಗೆ ಬೀಳುವಂತೆ ಬಾಯ್ಲರ್ ಹತ್ತಿರ ಕೆಂಪು ದೀಪ ಹಾಕಿಸು. ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ ಅನ್ನುವುದನ್ನು ಅಭಿನಯಿಸಿ ತೋರಿಸಿ ಹೇಳು, ಮತ್ತೆ ಮತ್ತೆ ಹೇಳು. ನಿಮ್ಮಲ್ಲಿ ನಾಲ್ಕು ಮಂದಿಯಾದರೂ ಅವನ ಕೈಸನ್ನೆ ಕಲಿಯಿರಿ. ಚಹಾದ ಹೊತ್ತಿನಲ್ಲಿ ಅವನೊಬ್ಬನೇ ಗೋಡೆ ನೋಡುತ್ತಾ ಕೂರುವಂತಾಗಬಾರದು.

ಮನೆಯವರ ಹತ್ತಿರವೂ ಮಾತಾಡು. ಸಂಬಳ ಬಂದರೆ ಸರ್ಕಾರ ಅಂಗವಿಕಲರಿಗೆ ಕೊಡುವ ಮಾಸಾಶನ ನಿಂತುಹೋಗುತ್ತದೆ ಅನ್ನುವ ಹೆದರಿಕೆ ಇರುತ್ತದೆ. ಮಾಸಾಶನಕ್ಕೆ ಆದಾಯದ ಮಿತಿ ಇರುವುದು ನಿಜ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೂರಿಸಿಕೊಂಡು ಲೆಕ್ಕ ಬಿಡಿಸಿ ಹೇಳು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ರಿಯಾಯಿತಿ ಬಸ್ ಪಾಸು ಇದೆಯಾ ಅಂತಲೂ ಆಗಲೇ ಕೇಳಿಬಿಡು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತದೆ. 20 ಅಥವಾ ಹೆಚ್ಚು ಜನ ದುಡಿಯುವ ಕಡೆ ಸಮಾನ ಅವಕಾಶದ ನೀತಿ ಬರೆದಿಡಬೇಕು. ಸೇರಿಸಿಕೊಳ್ಳುವ ಕ್ರಮದ ಜೊತೆಗೆ ಸೇರಿದ ಮೇಲಿನ ತರಬೇತಿ, ಬಡ್ತಿಗೆ ಮುಂಚಿನ ತರಬೇತಿ, ವಿಶೇಷ ರಜೆಯೂ ಅದರಲ್ಲಿ ಇರಬೇಕು. ಬಡ್ತಿ ಅನ್ನುವುದನ್ನು ಗಮನಿಸು. ಕೈ ಪಳಗಿದವನನ್ನು ಹತ್ತು ವರ್ಷ ಅದೇ ಮೇಜಿನಲ್ಲಿ, ಅದೇ ಕೂಲಿಯಲ್ಲಿ ಕೂರಿಸುವುದು ಅನ್ಯಾಯ. ಮುಂದಿನ ಸಲ ಕೂಲಿ ಏರಿಸುವಾಗ ಇವರಿಬ್ಬರ ಹೆಸರೂ ಪಟ್ಟಿಯಲ್ಲಿರಲಿ. ಆ ಪಟ್ಟಿ ನನಗೆ ವಾಟ್ಸಾಪ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ