ಊರು ಕೇಳಿದ್ರ ಕಲಬುರಗಿ ಅಂತನೇ ಹೇಳು

ಕಲಬುರಗಿ
ಮೇ 2020

ಚಿರಂಜೀವಿ ಮಗಳಿಗೆ ಅವ್ವ ಮಾಡುವ ಆಶೀರ್ವಾದ.

ನಾವಿಲ್ಲಿ ಆರಾಮ ಇದ್ದೀವಿ, ಚಿಂತಿ ಮಾಡಬ್ಯಾಡ. ನೀ ಫೋನಿನ್ಯಾಗ ಹೇಳಿದ ಮಾತು ಮಾತ್ರ ನನ್ನ ಎದಿಯೊಳಗ ಮುಳ್ಳಿನಂಗ ನಟ್ಟಾದ. ನಿನ್ನ ಊರು ಕಲಬುರಗಿ ಅಂತ ಗೊತ್ತಾದ ಮ್ಯಾಲ ಪಿ.ಜಿ. ಹುಡುಗಿ ತನ್ನ ತಾಟು ತಗೊಂಡು ದೂರ ಹೋಗಿ ಕುಂತಳಲ್ಲ, ಅದಕ್ಕ ನೀ ಈಗ ಯಾರಾದ್ರೂ ಕೇಳಿದ್ರ ಬ್ಯಾರೆ ಊರ ಹೆಸರು ಹೇಳಲತ್ತಿ. ಹಂಗ ಮಾಡಬ್ಯಾಡವ್ವ. ಮಾರ್ಚ್ ತಿಂಗಳ್ದಾಗ ಕೊರೊನಾದಿಂದ ದೇಶದಾಗ ಮೊದಲ ಸಾವು ಆಗಿದ್ದು ನಮ್ಮೂರಿನವರದೇ, ಖರೆ. ಆದ್ರ ರೋಗ ಯಾವ ಊರಾಗೂ ಹುಟ್ಟಿ ಬೆಳದ ಮನಿಮಗ ಅಲ್ಲ. ಸತ್ತವರೂ ಒಂದು ಮನಿಯ ಹಿರಿಯರು. ಅವರ ಸಾವಿನ ಸುದ್ದಿ ಕೇಳಿ ಮರುಗೋದು ಬಿಟ್ಟು ಊರಿಗೇ ಹೆಸರಿಟ್ರ ಹ್ಯಾಂಗ?

ಆ ತಿಂಗಳೇ ಶರಣಬಸವೇಶ್ವರ ಜಾತ್ರಿ ಇತ್ತು. ತೇರಿಗೆ ಉತ್ತತ್ತಿ ಒಗೀಲಿಕ್ಕೆ ಹೋಗದೆ ಮನ್ಯಾಗಿಂದನೇ ಕೈ ಮುಗದೀವಿ. ಹೊತ್ತು ಹೊತ್ತಿಗೆ ಹಸಿದವರಿಗೆ ದಾಸೋಹ ಮಾಡಿದ ಶರಣರ ಊರು ಇದು. ಈ ಊರಿನ ಹೆಸರು ಮುಚ್ಚಿಡೋದು ಯಾತಕ್ಕ?

ಹೋದ ತಿಂಗಳು ನಮ್ಮ ಓಣಿನೂ ಸೀಲ್‌ಡೌನ್ ಆಗಿತ್ತು, ನಿನಗ ಪೂರಾ ಹೇಳಿರಲಿಲ್ಲ. ಹಿಂದಿನ ಮನಿ ಖಾಲಾ ಅವರ ಮಗನಿಗೆ ಪಾಸಿಟಿವ್ ಬಂತು, ಆ್ಯಂಬುಲೆನ್ಸ್ ಬಂದು ಕರಕೊಂಡು ಹೋಯ್ತು. ಓಣಿ ಬಾಯಿಗೆ ಬಿದಿರು ಕಟ್ಟಿದ್ರು. ಕಾಯಿಪಲ್ಲೆ ಗಾಡಿಯವ ಬಿದಿರಿನ ಆಚೇನೇ ನಿಂತು ಕೊಡ್ತಿದ್ದ, ಆದ್ರ ಖಾಲಾಗ ಮಾತ್ರ ಕೊಡ್ಲಿಕ್ಕೆ ಒಪ್ಪಲಿಲ್ಲ. ನಾ ಎರಡು ಮನಿದೂ ಕೂಡೇ ತಗೊಂಡೆ. ಹಿತ್ತಲ ಗ್ವಾಡಿ ಮ್ಯಾಲ ಜ್ವಾಳದ ರೊಟ್ಟಿ ಬುಟ್ಟಿ, ಪುಂಡಿಪಲ್ಯದ ಡಬ್ಬಿ ಇಟ್ಟು ದೂರ ಸರದು ನಿಲ್ಲತಿದ್ದೆ, ಅವರು ಬಂದು ತಗೊಳ್ಳತಿದ್ರು. ಮುಖಕ್ಕ ಸೆರಗು ಕಟ್ಟಿಕೊಂಡೇ ಇಬ್ಬರೂ ಅಷ್ಟೊತ್ತು ಮಾತಾಡ್ತಿದ್ವಿ. ಓಣ್ಯಾಗ ಯಾರರ ಏನರ ಅಂದ್ರು, ಅನ್ನಲಿ. ಹುಡುಗ ಈಗ ಮನಿಗೆ ಬಂದಾನ. ರಂಜಾನದ ಉಪವಾಸ ನಡದಾದ, ಬಂದೇನವಾಜ ದರ್ಗಾಕ್ಕ ಹೋಗೋ ಹಂಗಿಲ್ಲ, ಮನ್ಯಾಗನೇ ನಮಾಜು. ನೀ ಬಂದ ಮ್ಯಾಲ ಶೀರ್‌ಖುರ್ಮಾ ಮಾಡಿ ಕೊಡ್ತೀನಿ ಅಂತ ಖಾಲಾ ಅಂದಾರ.

ಬಿಸಿಲು ನಿನಗ ಗೊತ್ತೇ ಅದ. ಮಧ್ಯಾಹ್ನ ಫ್ಯಾನು ಬೆಂಕಿ ಗಾಳಿ ಊದಲತ್ತದ. ಹೊರಗ ಹೋಗಬಾರದು ಅಂತ ಹೇಳೋದೇ ಬ್ಯಾಡ, ಬಿಸಿಲೇ ಹೇಳ್ತದ. ನಿಮ್ಮಪ್ಪ ಟಿವಿಯೊಳಗ ಮಹಾಭಾರತ ನೋಡಿ ಮುಗಿಸ್ಯಾರ. ನಾ ಮಾಳಗಿ ಮ್ಯಾಲ ಹಪ್ಪಳ, ಸಂಡಿಗಿ ಒಣಗ್ಸೀನಿ. ಈ ವರ್ಷ ಕಾಗಿ ಬಿಟ್ಟರ ಬ್ಯಾರೆ ಯಾರೂ ಬಂದಿಲ್ಲ.

ಮುಂಬೈ, ಪುಣೆಕ್ಕ ದುಡೀಲಿಕ್ಕೆ ಹೋದವರು ಈಗ ವಾಪಸ್ ಬರಲತ್ತಾರ. ಶಾಲಿ, ಹಾಸ್ಟೆಲ್‌ಗೊಳಗ ಕ್ವಾರಂಟೈನ್ ಇಟ್ಟಾರ. ಕಂಕುಳಾಗ ಕೂಸು, ತಲಿ ಮ್ಯಾಲ ಗಂಟು. ಕೆಲವು ಹಳ್ಯಾಗ ತಮ್ಮವರನ್ನೇ ಒಳಗ ಬಿಡಲಿಲ್ಲ ಅಂತ ಕೇಳಿ ಹೊಟ್ಟ್ಯಾಗ ಸಂಕಟ ಆಯ್ತು. ಕೂಲಿ ಇಲ್ಲಂತ ಊರು ಬಿಟ್ಟವರು, ಕೂಲಿ ನಿಂತಿತಂತ ಬಂದವರು, ಅವರೇನು ತಪ್ಪು ಮಾಡ್ಯಾರ? ನಿಮ್ಮಪ್ಪ ಮನ್ಯಾಗಿನ ಒಂದು ಚೀಲ ತೊಗರಿಬ್ಯಾಳಿ ಶಾಲಿ ಬಾಗಿಲ ತನಕ ಮುಟ್ಟಿಸಿ ಬಂದಾರ.

ನೀ ಸಿಕ್ಕ ಗಾಡಿ ಹತ್ತಿ ಬರಬ್ಯಾಡ. ರೈಲು ಸರಿಯಾಗಿ ಶುರು ಆಗಲಿ. ಆ ಹುಡುಗಿ ಮ್ಯಾಲ ಸಿಟ್ಟು ಮಾಡಬ್ಯಾಡ, ಅಕಿಗೂ ಅಂಜಿಕಿ, ಅಕಿದೂ ಅವ್ವ ದೂರ ಅದಾಳ. ನಾಳೆ ಅಕಿಗೆ ಜ್ವರ ಬಂದ್ರ ಬಾಗಿಲ ಮುಂದ ಬಿಸಿನೀರು ಇಡೋದು ನೀನೇ. ಅಂಚೆ ಕಚೇರಿ ನಡದಾದ, ಶೇಂಗಾ ಹಿಂಡಿ, ಹಪ್ಪಳ ಕಳಿಸೀನಿ, ಅಕಿಗೂ ಕೊಡು. ಮತ್ತ ಸಂಜಿಗೆ ಫೋನ್ ಮಾಡಿದಾಗ ಶುಗರ್ ಗುಳಿಗಿ ತಗೊಂಡ್ರೇನಂತ ಅಪ್ಪಗ ನೀನೇ ಕೇಳು. ನಾ ಹೇಳಿದ್ರ ಕೇಳಲ್ಲ, ನೀ ಹೇಳಿದ್ರ ಕೇಳ್ತಾರ.

ನಿನ್ನ ಅವ್ವ