1939ರ ರೂಪಾಯಿಗೆ ಬಿಡ್ ಹಾಕುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ರಾತ್ರಿಯ ಆನ್‌ಲೈನ್ ಹರಾಜಿನಲ್ಲಿ ಬ್ರಿಟಿಷ್ ದೊರೆ ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ಇದೆ. ನಮ್ಮಲ್ಲಿ ಮೂರ್ನಾಲ್ಕು ಜನ ಬಿಡ್ ಹಾಕುವ ಯೋಚನೆಯಲ್ಲಿದ್ದೀರಿ. ಸ್ವಲ್ಪ ತಡೀರಿ.

ಆ ವರ್ಷದ ರೂಪಾಯಿ ತುಂಬಾ ಅಪರೂಪ. 1938ರದ್ದು ಅಷ್ಟು ಕಷ್ಟವಿಲ್ಲದೆ ಸಿಗುತ್ತದೆ. ಹಾಗಾಗಿ 8ರ ಕೆಳಗಿನ ಸುತ್ತನ್ನು ಎಡಗಡೆ ಕೆರೆದು 9 ಮಾಡಿ ಮಾರುವವರಿದ್ದಾರೆ. ಹೋದ ವರ್ಷ ನನಗೂ ಅಂಥದ್ದೇ ಒಂದು ಬಂತು. ಭೂತಗನ್ನಡಿ ಹಿಡಿದು ನೋಡಿದರೆ 9ರ ಬಾಲದ ಪಕ್ಕ ಸಣ್ಣ ತಗ್ಗು. ನಾಣ್ಯವೆಲ್ಲ ಕಪ್ಪಾಗಿದ್ದರೂ ಅಲ್ಲಿ ಮಾತ್ರ ಬೆಳ್ಳಿ ಹೊಸದಾಗಿ ಹೊಳೆಯುತ್ತಿತ್ತು. ದುಡ್ಡು ವಾಪಸ್ ಬರಲಿಲ್ಲ ಬಿಡಿ.

ಮಾರುವವರ ಹತ್ತಿರ ಇಸವಿಯ ಕ್ಲೋಸಪ್ ಫೋಟೊ ಕೇಳಿ, ಬೆಳಕು ಓರೆಯಾಗಿ ಬೀಳುವ ಹಾಗೆ. ತಕ್ಕಡಿ ಮೇಲಿಟ್ಟ ಫೋಟೊನೂ ಕೇಳಿ. ತೂಕ 11.66 ಗ್ರಾಂ ಆಸುಪಾಸು ಇರಬೇಕು, ಸವೆದಿದ್ದರೆ ತುಸು ಕಡಿಮೆ. ಆದರೆ ತೂಕ ಸರಿ ಇದೆ ಅಂತ ಸುಮ್ನೆ ನಂಬಬೇಡಿ, ತಿದ್ದಿದ 1938ರದ್ದೂ ಅಷ್ಟೇ ತೂಗುತ್ತದೆ ಅಲ್ವಾ? ತೂಕದಲ್ಲಿ ಸಿಕ್ಕಿಬೀಳುವುದು ಜಾಸ್ತಿ ಎರಕದ ನಕಲಿಗಳೇ, ಅಂದರೆ ಕರಗಿಸಿದ ಲೋಹವನ್ನು ಅಚ್ಚಿಗೆ ಸುರಿದು ಮಾಡಿದವು. ಅವುಗಳ ಮೈಮೇಲೆ ಸೂಜಿಮೊನೆಯಷ್ಟು ತೂತುಗಳೂ ಅಂಚಿನ ಸುತ್ತ ಜೋಡಣೆಯ ಗೆರೆಯೂ ಕಾಣಬಹುದು.

ಬಿಡ್ ಹಾಕುವವರು ಶನಿವಾರ ಸಂಜೆ 6ರೊಳಗೆ ಫೋಟೊಗಳನ್ನು ಇಲ್ಲಿ ಹಾಕಿ. ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅಂಕಿ ಮಸುಕಾಗುತ್ತದೆ. ಅಸಲಿ 1939 ಯಾರ ಹತ್ತಿರವಾದರೂ ಇದ್ದರೆ ಹೋಲಿಸಿ ನೋಡಲು ಅದರ ಇಸವಿಯ ಫೋಟೊ ಕೊಡಿ. ಓದಿದವರು ಒಂದು 'ಸರಿ' ಹಾಕಿ.